ಮಘಿ, ಹುಬ್ಬಿ ಕಾಣದ ನಕಾಶೆ

ಕೊಪ್ಪಳದಿಂದ ಯಲಬುರ್ಗಾಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಲಲಿತಾ ಕಿಟಕಿಯ ಪಕ್ಕ ಕೂತಿದ್ದಳು. ತೊಡೆಯ ಮೇಲೆ ಲ್ಯಾಪ್‌ಟಾಪಿನ ಚೀಲ, ಅದರ ಹೊರಜೇಬಿನಲ್ಲಿ ಕೂಸಿನ ಅಂಗಿಗಳು, ರಾಗಿ ಹಿಟ್ಟಿನ ಡಬ್ಬಿ. ಪಕ್ಕದ ಸೀಟಿನಲ್ಲಿ ಅವಳ ಅತ್ತೆ ಹುಲಿಗವ್ವ, ಅತ್ತೆಯ ತೊಡೆಯ ಮೇಲೆ ಹಲ್ಲು ಬರುತ್ತಿದ್ದ ಕೂಸು. ಅದು ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚುತ್ತ, ಅಜ್ಜಿಯ ಸೆರಗನ್ನು ಜೊಲ್ಲಿನಲ್ಲಿ ತೋಯಿಸಿಬಿಟ್ಟಿತ್ತು. ಬಾಟಲಿ ಹಾಲು ಬಾಯಿಗಿಟ್ಟರೆ ಉಗುಳುವ ಕೂಸು. ಆದ್ದರಿಂದ ಲಲಿತಾ ಎಲ್ಲಿ ತರಬೇತಿ ಕೊಡಲು ಹೋದರೂ ಕೂಸು ಬರಬೇಕು, ಕೂಸು ಬಂದರೆ ಅತ್ತೆ ಬರಬೇಕು.

ಹುಲಿಗವ್ವ ಗಂಗಾವತಿ ಬಳಿಯ ಸಿದ್ದಾಪುರದ ಕಡೆಯವಳು. ಕಾಲುವೆ ನೀರು, ಭತ್ತದ ಗದ್ದೆ ಕಂಡು ಬೆಳೆದವಳು. ಬಸ್ಸು ಕುಕನೂರು ದಾಟಿ ಒಣ ಹೊಲಗಳ ನಡುವೆ ಸಾಗುವಾಗ, ಇಲ್ಲಿನ ಜನ ಬರೀ ಮುಗಿಲು ನೋಡಿಕೊಂಡು ಹೆಂಗೆ ಬಾಳುವೆ ಮಾಡುತ್ತಾರೋ ಎಂದು ಪ್ರತಿ ಸಲವೂ ಆಶ್ಚರ್ಯಪಡುತ್ತಿದ್ದಳು. ಇಂದು ಅವಳ ಮಾತು ಬೇರೆ ದಾರಿ ಹಿಡಿದಿತ್ತು.

"ನನ್ನ ಮಗ ಕರೆಂಟ್ ಕಂಬ ಏರ್ತಾನ, ಸೊಸಿ ಸಾಹೇಬ್ರಿಗೆ ಸಾಲಿ ಕಲಿಸ್ತಾಳ. ಕೂಸನ್ನ ಮಾತ್ರ ಯಾರೂ ಕಲಿಸಂಗಿಲ್ಲ. ಅದು ನನಗ ಕಚ್ಚೋದು ಕಲ್ತೈತಿ ನೋಡು."

ಲಲಿತಾ ನಕ್ಕಳು. ಆದರೆ ಮನಸ್ಸೆಲ್ಲ ಮುಂದಿನ ಮೂರು ದಿನಗಳ ಮೇಲಿತ್ತು.

ಅವಳ ಕೆಲಸವನ್ನು ಮನೆಯವರಿಗೆ ತಿಳಿಸಿ ಹೇಳುವುದೇ ಒಂದು ಕಷ್ಟ. ಜಿಲ್ಲೆಯ ಯೋಜನಾ ವಿಭಾಗದಲ್ಲಿ ಗುತ್ತಿಗೆಯ ತರಬೇತುದಾರಳು ಎಂದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಹಾಗಾಗಿ ಅವಳು ಹೀಗೆ ಹೇಳುತ್ತಿದ್ದಳು: ಕಂಪ್ಯೂಟರಿನಲ್ಲಿ ಒಂದು ನಕಾಶೆ ಇದೆ. ಯಾವ ಊರಿಗೆ ಯಾವಾಗ ಎಷ್ಟು ಮಳೆ ಬಿತ್ತು, ಮಣ್ಣು ಎಂಥದು, ಕೊಳವೆಬಾವಿ ಎಷ್ಟು ಆಳಕ್ಕೆ ಇಳಿದಿದೆ, ಏನು ಬೆಳೆಯುತ್ತಾರೆ, ಎಲ್ಲ ಅದರೊಳಗೆ ಕೂತಿದೆ. ಹವಾಮಾನ ಮೊದಲಿನಂತಿಲ್ಲ, ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ, ಹೋದರೆ ವಾರಗಟ್ಟಲೆ ಪತ್ತೆ ಇರುವುದಿಲ್ಲ. ಇದನ್ನು ತಡೆದುಕೊಳ್ಳಲು ಯಾವ ಊರಿಗೆ ಮೊದಲು ಬದು, ಯಾವ ಊರಿಗೆ ಮೊದಲು ಕೃಷಿಹೊಂಡ, ಎಲ್ಲಿ ಕೆರೆಯ ಹೂಳು ತೆಗೆಯಬೇಕು ಎಂದು ಆ ನಕಾಶೆ ನೋಡಿ ಯೋಜನೆ ಮಾಡಬಹುದು. ಆ ನೋಡುವ ವಿದ್ಯೆಯನ್ನು ಪಂಚಾಯ್ತಿ, ಕೃಷಿ ಇಲಾಖೆಯ ಅಧಿಕಾರಿಗಳಿಗೆ ಕಲಿಸುವುದು ಅವಳ ಕೆಲಸ.

ಗಂಗಾವತಿಯಲ್ಲಿ ಕಲಿಸುವುದು ಹಗುರಾಗಿತ್ತು. ಕಾಲುವೆಯಲ್ಲಿ ನೀರು ಎಷ್ಟು ಬಂತು, ಎಂದು ನಿಂತಿತು ಎಂದು ಲೆಕ್ಕ ಇಡುವುದು ಅಲ್ಲಿನವರಿಗೆ ಮೊದಲಿನಿಂದ ರೂಢಿ. ಕುಷ್ಟಗಿಯಲ್ಲಿ ಮಾತ್ರ ಅವಳು ಸೋತಿದ್ದಳು. ಅಲ್ಲಿನ ಅಧಿಕಾರಿಗಳು ಹಾಜರಿಗೆ ಸಹಿ ಹಾಕಿ, ಉಪ್ಪಿಟ್ಟು ತಿಂದು, ತಮ್ಮ ಜಾಗದಲ್ಲಿ ಕಚೇರಿಯ ಕಂಪ್ಯೂಟರ್ ಆಪರೇಟರುಗಳನ್ನು ಕೂರಿಸಿ ಹೋಗಿಬಿಟ್ಟಿದ್ದರು. ಯೋಜನೆಯೇನೋ ಆಯಿತು. ಆದರೆ ಜಿಲ್ಲಾ ಸಭೆಯಲ್ಲಿ ಈ ಊರು ಮೊದಲು ಯಾಕೆ ಎಂದು ಕೇಳಿದಾಗ ಒಬ್ಬ ಅಧಿಕಾರಿಯೂ ಬಾಯಿ ಬಿಡಲಿಲ್ಲ. ಯೋಜನೆ ವಾಪಸ್ಸು ಬಂತು.

ಈಗ ಯಲಬುರ್ಗಾದ ಸರದಿ. ಮೇಲಧಿಕಾರಿ ಶೋಭಾರಾಣಿ ಮೇಡಂ ಖಂಡಿತವಾಗಿ ಹೇಳಿ ಕಳಿಸಿದ್ದರು: ಶನಿವಾರ ಸಂಜೆಯೊಳಗೆ ಈ ತಾಲೂಕಿನ ಎಲ್ಲ ಪಂಚಾಯ್ತಿಗಳೂ ತಮ್ಮ ಯೋಜನೆಯನ್ನು ತಾವೇ ಮಾಡಿ ಕಳಿಸಬೇಕು. ಒಂದು ಪಂಚಾಯ್ತಿ ಉಳಿದರೂ ಇಡೀ ತಾಲೂಕಿನದನ್ನು ಕೊಪ್ಪಳದಲ್ಲಿ ಒಂದು ಕೋಣೆಯಲ್ಲಿ ಕೂತು ಮಾಡಿ ಮುಗಿಸುತ್ತಾರೆ.

ಅದು ಆಗಕೂಡದು ಎಂದು ಲಲಿತಾ ನಿಶ್ಚಯಿಸಿಕೊಂಡಿದ್ದಳು. ಯಲಬುರ್ಗಾ ಅವಳ ತವರು ತಾಲೂಕು. ಮಸಾರಿಹಾಳ ಅವಳ ಹುಟ್ಟೂರು. ಕೆಂಪು ಮಣ್ಣು, ಶೇಂಗಾ, ಗೋವಿನಜೋಳ, ಸಜ್ಜೆ. ಊರ ಹೊರಗೆ ಒಂದು ಸಿಮೆಂಟಿನ ಒಡ್ಡು ಇತ್ತು. ಯಾವುದೋ ಕಾಲದಲ್ಲಿ ಯಾವುದೋ ಊರಲ್ಲಿ ಕೂತವರು ಕಾಗದದ ಮೇಲೆ ಗುರುತು ಹಾಕಿ, ಹಳ್ಳವೇ ಹರಿಯದ ಜಾಗದಲ್ಲಿ ಕಟ್ಟಿಸಿದ್ದು. ಲಲಿತಾ ಮತ್ತು ಅವಳ ಓರಗೆಯ ಹುಡುಗಿಯರು ಅದರ ಇಳಿಜಾರಿನಲ್ಲಿ ಜಾರಿ ಲಂಗ ಹರಿದುಕೊಂಡು ಮನೆಯಲ್ಲಿ ಬೈಸಿಕೊಂಡಿದ್ದರು. ಅದರಿಂದ ಊರಿಗೆ ಆದ ಉಪಯೋಗ ಅಷ್ಟೇ. ಭೂಗೋಳ ಓದಿ ಈ ಕೆಲಸಕ್ಕೆ ಸೇರಿದಾಗಲೂ ಅವಳ ತಲೆಯಲ್ಲಿ ಇದ್ದದ್ದು ಆ ಒಡ್ಡೇ.

ಹಿಂದಿನ ದಿನ ಅವಳ ತಾಯಿ ಯಂಕವ್ವ ಫೋನು ಮಾಡಿ, ಈ ಸಲ ನಮ್ಮೂರ ಹೆಸರು ಮೊದಲು ಬರುವಂತೆ ನೋಡಿಕೋ ಎಂದಿದ್ದಳು. ಅದು ತನ್ನ ಕೈಯಲ್ಲಿಲ್ಲ ಎಂದು ಲಲಿತಾ ಹೇಳಿದ್ದಕ್ಕೆ, ಮತ್ತೆ ಯಾರ ಕೈಯಾಗ ಐತಿ ಎಂದು ಕೇಳಿ ಫೋನು ಇಟ್ಟಿದ್ದಳು.

*

ತಾಲೂಕು ಪಂಚಾಯ್ತಿಯ ಸಭಾಂಗಣದಲ್ಲಿ ಸಾಲಾಗಿ ಕಂಪ್ಯೂಟರುಗಳನ್ನು ಜೋಡಿಸಿದ್ದರು. ಪಕ್ಕದ ಸಣ್ಣ ಕೋಣೆಯಲ್ಲಿ, ಹಳೆಯ ಕಪಾಟುಗಳ ನಡುವೆ ಚಾಪೆ ಹಾಸಿಕೊಂಡು ಹುಲಿಗವ್ವ ಮತ್ತು ಕೂಸು ಬಿಡಾರ ಹೂಡಿದರು. ಲಲಿತಾ ಒಳಗೆ ಕಾಲಿಟ್ಟವಳೇ ಎರಡು ಕಟ್ಟಳೆ ಹಾಕಿದಳು. ಒಂದು, ಮೌಸಿನ ಮೇಲೆ ಅಧಿಕಾರಿಯ ಕೈಯೇ ಇರಬೇಕು. ಆಪರೇಟರು ಬಂದರೆ ತಾನೂ ಕಲಿಯಲು ಬರಲಿ, ಸಾಹೇಬರ ಬದಲಿಗೆ ಅಲ್ಲ. ಎರಡು, ಮಳೆಯ ಮಾತು ಬಂದಾಗ ತಾರೀಖು, ತಿಂಗಳು ಹೇಳಬೇಕು. ರೋಹಿಣಿ ಮಳೆ, ಮೃಗಶಿರ ಮಳೆ ಎಂದು ಎರಡು ವಾರಕ್ಕೊಮ್ಮೆ ಬದಲಾಗುವ ನಕ್ಷತ್ರದ ಹೆಸರು ಹೇಳಿದರೆ ಕಂಪ್ಯೂಟರಿಗೆ ತಿಳಿಯುವುದಿಲ್ಲ.

ಎರಡನೆಯದಕ್ಕೆ ಯಾರೂ ತಕರಾರು ತೆಗೆಯಲಿಲ್ಲ. ಕಾಗದದ ಮೇಲೆ ಅವರೂ ಬರೆಯುತ್ತಿದ್ದದ್ದು ತಿಂಗಳೇ. ಮೊದಲನೆಯದಕ್ಕೆ ಮಾತ್ರ ಸಭಾಂಗಣದಲ್ಲಿ ಗುಸುಗುಸು ಎದ್ದಿತು. ಖುಷ್ಬು ಎಂಬ ಆಪರೇಟರಿಗೆ ಅರ್ಧ ತಾಲೂಕಿನ ಪಾಸ್‌ವರ್ಡುಗಳು ಬಾಯಿಪಾಠ. ಅಧಿಕಾರಿಗಳಿಗೆ ತಮ್ಮದೇ ನೆನಪಿರಲಿಲ್ಲ. ಅವಳು ಎಲ್ಲರಿಗೂ ಅವರವರ ಪಾಸ್‌ವರ್ಡನ್ನು ಕಿವಿಯಲ್ಲಿ ಹೇಳಿ ಬರುವುದರಲ್ಲಿ ಒಂದು ಗಂಟೆ ಕಳೆಯಿತು.

ಎಲ್ಲರಿಗಿಂತ ಹಿರಿಯ ತಿಮ್ಮಣ್ಣ ಮಸಾರಿಹಾಳದ ಪಿಡಿಓ. ಬಹಳ ವರ್ಷಗಳಿಂದ ಅದೇ ಪಂಚಾಯ್ತಿಯಲ್ಲಿದ್ದುದರಿಂದ ಲಲಿತಾಳನ್ನು ಶಾಲೆಗೆ ಹೋಗುವ ಹುಡುಗಿಯಾಗಿದ್ದಾಗಿನಿಂದ ಬಲ್ಲ. ಸಭಾಂಗಣದ ಒಳಗೆ ಅವಳನ್ನು ಮೇಡಂ ಎನ್ನುತ್ತಿದ್ದ, ಹೊರಗೆ ಚಹಾ ಕುಡಿಯುವಾಗ ಲಲಿತವ್ವ. ಮೌಸನ್ನು ಅವನು ಹಿಡಿದ ರೀತಿಗೆ ಎಲ್ಲರೂ ನಕ್ಕರು. ಅಂಗೈಯಿಂದ ಒತ್ತಿ ಹಿಡಿದು, ಕಿರುಬೆರಳನ್ನು ಮೇಲೆತ್ತಿ, ಬಾಗಿಲ ಗಂಟೆ ಒತ್ತಿದಂತೆ ಒಂದೊಂದು ಸಲ ಒತ್ತಿ ನಿಂತು ನೋಡುತ್ತಿದ್ದ. ಎರಡು ಸಲ ಬೇಗ ಬೇಗ ಒತ್ತಬೇಕು ಎಂದು ಲಲಿತಾ ಹೇಳಿದಳು.

"ಮೇಡಂ, ನಮ್ಮ ಪಂಚಾಯ್ತಿ ಕೆಲಸ ಒಂದ ಸಲ ಒತ್ತಿದ್ರ ಆಗಂಗಿಲ್ಲ ಖರೆ. ಆದ್ರ ಇದೂ ಹಂಗ ಅಂತ ಗೊತ್ತಿರ್ಲಿಲ್ಲ ಬಿಡ್ರಿ."

ಖುಷ್ಬು ಹಿಂದೆ ನಿಂತು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು, ಕೈ ತಾನಾಗಿಯೇ ಮುಂದೆ ಹೋದೀತೆಂದು. ಸಂಜೆಯ ಹೊತ್ತಿಗೆ ತಿಮ್ಮಣ್ಣ ನಕಾಶೆಯನ್ನು ದೊಡ್ಡದು ಸಣ್ಣದು ಮಾಡಲು ಕಲಿತ. ರೈತ ಸಂಪರ್ಕ ಕೇಂದ್ರದ ಕೃಷಿ ಅಧಿಕಾರಿ ಜೋಹರಾಬಿ ಅವನಿಗಿಂತ ಬೇಗ ಕಲಿತು, ಪಕ್ಕದವರಿಗೂ ಹೇಳಿಕೊಡತೊಡಗಿದಳು. ಮೂಲೆಯಲ್ಲಿ ಕೂತ ಬೂದಿಗಲ್ಲಿನ ಪಿಡಿಓ ಯಮನೂರಪ್ಪ ಹೆಚ್ಚು ಮಾತಿನವನಲ್ಲ. ಕೇಳಿದ್ದಕ್ಕೆ ಹೂಂ ಎನ್ನುತ್ತ ಕೆಲಸ ಮಾಡಿದ. ಮೊದಲ ದಿನ ಚೆನ್ನಾಗಿ ಕಳೆಯಿತೆಂದು ಲಲಿತಾ ಸಮಾಧಾನದಿಂದ ಬಸ್ಸು ಹತ್ತಿದಳು.

ಎರಡನೆಯ ದಿನ ಬೆಳಿಗ್ಗೆ ಎಲ್ಲ ಕೆಟ್ಟಿತು.

ಕಳೆದ ಮುಂಗಾರಿನ ಮಳೆಯನ್ನು ನಕಾಶೆಯ ಮೇಲೆ ಹರಡುವುದು ಆ ದಿನದ ಪಾಠ. ವಾಡಿಕೆಗಿಂತ ತೀರಾ ಕಡಿಮೆಯಾದ ಊರು ಕೆಂಪು, ಸ್ವಲ್ಪ ಕಡಿಮೆಯಾದದ್ದು ಹಳದಿ, ಸಾಕಷ್ಟು ಬಿದ್ದದ್ದು ಹಸಿರು. ಒಬ್ಬೊಬ್ಬರೂ ತಮ್ಮ ತಮ್ಮ ಪಂಚಾಯ್ತಿ ತೆರೆದು ನೋಡಿದರು. ಮಸಾರಿಹಾಳ ಹಸಿರು, ಬೂದಿಗಲ್ಲು ಹಸಿರು. ಕೆಂಪು ಮಣ್ಣಿನ ಊರುಗಳೆಲ್ಲ ಗಿಣಿಯ ರೆಕ್ಕೆಯಂತೆ ಹಸಿರಾಗಿ ಹೊಳೆದವು.

ಒಬ್ಬರ ಪರದೆಯನ್ನು ಇನ್ನೊಬ್ಬರು ಬಗ್ಗಿ ನೋಡಿದರು. ಆಮೇಲೆ ತಿಮ್ಮಣ್ಣ ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

"ಹಸಿರು ಐತಂತ. ಹೋದ ವರ್ಷ ನಮ್ಮಲ್ಲಿ ಶೇಂಗಾ ಬಳ್ಳಿ ಎಮ್ಮಿ ಮೂಸಿ ನೋಡಿ ಬಿಟ್ಟು ಹೋತು. ಈ ನಕಾಶಿ ಮಾಡಿದವರಿಗೆ ಅದರಾಗಿಂದ ಒಂದು ಹೊರಿ ಕಳಸೋಣೇನ್ರಿ?"

ಸಭಾಂಗಣವೆಲ್ಲ ನಕ್ಕಿತು, ಆ ನಗೆಯಲ್ಲಿ ಸಿಟ್ಟೂ ಇತ್ತು. ಒಬ್ಬರಾದ ಮೇಲೊಬ್ಬರು ಮಾತು ತೆಗೆದರು. ಸುಳ್ಳು ಹೇಳುವ ಯಂತ್ರವನ್ನು ಕಲಿತು ಏನು ಮಾಡುವುದು, ಹಳೆಯ ನಮೂನೆಯೇ ಇರಲಿ, ತುಂಬಿ ಕೊಡುತ್ತೇವೆ ಎಂದರು. ತಾಲೂಕಿನ ಮುಖ್ಯ ಅಧಿಕಾರಿ ರವಿಕುಮಾರ ಸಾಹೇಬರು ಗಲಾಟೆ ಕೇಳಿ ಬಂದರು. ಅವರು ಒಳ್ಳೆಯ ಮನುಷ್ಯ. ಲಲಿತಾಳ ಮುಖ ನೋಡಿ ಅವರಿಗೆ ಮರುಕ ಹುಟ್ಟಿರಬೇಕು. ಮೆಲ್ಲಗೆ ಹೇಳಿದರು:

"ಮೇಡಂ, ಸಣ್ಣ ಕೂಸು ಕಟಗೊಂಡು ಇಷ್ಟು ತ್ರಾಸು ಯಾಕ ತಗೋತೀರಿ. ಕೊಪ್ಪಳದಾಗ ಮಾಡ್ಕೊಂಬಿಡ್ರಿ. ಎಲ್ಲಿ ಹೇಳ್ತೀರಿ ಅಲ್ಲಿ ನಾವು ಸಹಿ ಹಾಕ್ತೀವಿ."

ಆ ಮಾತಿನ ಮೆದುತನವೇ ಅವಳಿಗೆ ಹೆಚ್ಚು ಚುಚ್ಚಿತು. ಶನಿವಾರದವರೆಗೆ ತನಗೆ ಸಮಯ ಇದೆ ಎಂದಷ್ಟೇ ಹೇಳಿ, ಎಲ್ಲರಿಗೂ ಊಟಕ್ಕೆ ಬಿಟ್ಟಳು. ತಾನು ಮಾತ್ರ ಕೂತು ಮಳೆಮಾಪಕದ ಅಂಕಿಗಳನ್ನು ಒಂದೊಂದಾಗಿ ನೋಡಿದಳು. ಎಲ್ಲೂ ತಪ್ಪಿರಲಿಲ್ಲ. ಆಗಸ್ಟಿನ ಮಳೆ ವಾಡಿಕೆಯಷ್ಟೇ, ಸೆಪ್ಟೆಂಬರಿನದೂ ಅಷ್ಟೇ. ಅಂಕಿಯೂ ಸುಳ್ಳಲ್ಲ, ತಿಮ್ಮಣ್ಣನೂ ಸುಳ್ಳಲ್ಲ. ಅವಳ ತಾಯಿಯ ಹೊಲದ ಶೇಂಗಾ ಕೂಡ ಕಾಯಿ ಕಟ್ಟದೆ ಹೋಗಿತ್ತಲ್ಲ.

ಕೂಸು ಅಳುವುದು ಕೇಳಿ ಪಕ್ಕದ ಕೋಣೆಗೆ ಹೋದಳು. ಚಾಪೆಯ ಮೇಲೆ ಗೋಡೆಗೊರಗಿ ಕೂತು ಹಾಲೂಡಿಸತೊಡಗಿದಳು. ಕೂಸು ಹೊಸ ಹಲ್ಲಿನಿಂದ ಒಮ್ಮೆ ಕಚ್ಚಿತು. ಅವಳು ಅದರ ಕೆನ್ನೆಗೆ ಬೆರಳು ತಾಗಿಸಿ ಬಿಡಿಸಿಕೊಂಡಳು. ಕಿಟಕಿಯ ಹೊರಗೆ ಬೇವಿನ ಗಿಡದ ಕೆಳಗೆ ಅಧಿಕಾರಿಗಳು ರೊಟ್ಟಿ ಬುತ್ತಿ ಬಿಚ್ಚಿದ್ದರು. ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು. ತರಗತಿಯ ಕಟ್ಟಳೆ ಇಲ್ಲದ ಜಾಗ. ಮಾತು ತನ್ನ ಹಾದಿಗೆ ಹರಿದಿತ್ತು. ಆಶ್ಲೇಷದ ಮಳೆ ಒಡ್ಡು ಒಡೆಯುವಂತೆ ಸುರಿಯಿತು, ಉತ್ತರೆಯ ಮಳೆ ಕೊಯ್ಲಿನವರನ್ನು ಹೊಲದಿಂದ ಎಬ್ಬಿಸಿತು ಎಂದು ಯಾರೋ ಅಂದರು. ಅದಕ್ಕೆ ಜೋಹರಾಬಿಯ ಉತ್ತರ:

"ಬರೋದೆಲ್ಲ ಬಂತ್ರಿ. ನಡುವ ಮಘಿ, ಹುಬ್ಬಿ ಎರಡೂ ಕೈಕೊಟ್ವಲ್ಲ. ಕಾಯಿ ಕಟ್ಟೋ ಹೊತ್ತಿನಾಗ ನೆಲ ಹಂಚಿನಂಗ ಕಾದಿತ್ತು."

ಲಲಿತಾ ತಲೆಯೆತ್ತಿದಳು. ಎದುರಿನ ಗೋಡೆಯ ಮೊಳೆಗೆ ಹೊಸ ವರ್ಷದ ಕ್ಯಾಲೆಂಡರ್ ತೂಗುತ್ತಿತ್ತು. ಅದರ ಕೆಳಗೆ ಯಾರೂ ತೆಗೆಯದೆ ಬಿಟ್ಟ ಹೋದ ವರ್ಷದ್ದು. ಕೂಸನ್ನು ಒಂದು ಕೈಯಲ್ಲಿ ಎದೆಗವಚಿಕೊಂಡೇ ಎದ್ದು, ಹಳೆಯದನ್ನು ತಿರುವಿ ನೋಡಿದಳು. ಆಗಸ್ಟಿನ ಹಾಳೆಯ ನಡುವೆ ಕೆಂಪು ಅಕ್ಷರದಲ್ಲಿ ಮಘಾ ಮಳೆ ಹೂಡುವ ದಿನ. ತಿಂಗಳು ಮುಗಿಯುವ ಅಂಚಿಗೆ ಹುಬ್ಬಾ. ಸೆಪ್ಟೆಂಬರಿನ ನಡುವೆ ಉತ್ತರಾ. ಆಗಸ್ಟಿನ ಮಳೆಯೆಲ್ಲ ತಿಂಗಳ ತಲೆಗೆ, ಆಶ್ಲೇಷದಲ್ಲಿ ಸುರಿದಿತ್ತು. ಸೆಪ್ಟೆಂಬರಿನದು ತಿಂಗಳ ಬಾಲಕ್ಕೆ, ಉತ್ತರೆಯಲ್ಲಿ. ನಡುವಿನ ಒಣಗು ಎರಡು ತಿಂಗಳುಗಳ ಅಂಚಿನಲ್ಲಿ ಮಲಗಿತ್ತು. ಅರ್ಧ ಅತ್ತ, ಅರ್ಧ ಇತ್ತ. ತಿಂಗಳ ಮೊತ್ತ ಹಾಕಿದರೆ ಎರಡು ಕಡೆಯೂ ಮುಚ್ಚಿಹೋಗುತ್ತಿತ್ತು.

ಅವಳಿಗೆ ತನ್ನ ಮೇಲೆಯೇ ನಗೆ ಬಂತು. ತಾಯಿಯ ಜೊತೆ ಮಾತಾಡುವಾಗ ಅವಳೂ ಮಘಿ ಬಂತೇನವ್ವ ಎಂದೇ ಕೇಳುತ್ತಾಳೆ. ಈ ಸಭಾಂಗಣದಲ್ಲಿ ಇರುವವರೆಲ್ಲ ರೈತರ ಮಕ್ಕಳೇ. ಗಿಡದ ಕೆಳಗೆ ಒಂದು ಮಳೆಗಾಲ, ಕಾಗದದ ಮೇಲೆ ಇನ್ನೊಂದು ಮಳೆಗಾಲ ಎಂದು ಇಷ್ಟು ವರ್ಷ ಎರಡನ್ನೂ ಬೇರೆ ಬೇರೆ ಇಟ್ಟುಕೊಂಡು ಬಂದಿದ್ದರು. ಎರಡೂ ಒಂದನ್ನೊಂದು ಕಾಣಬಾರದೆಂದು ಬಾಗಿಲಲ್ಲಿ ಕಾವಲು ನಿಂತವಳು ತಾನು.

"ಅತ್ತಿ, ಕೂಸನ್ನ ತಗೋರಿ" ಎಂದಳು.

"ಇನ್ನೂ ಕುಡಿಯಾಕತ್ತೈತಿ."

"ಸಾಕು ಅದಕ್ಕ. ಕಚ್ಚಾಕತ್ತೈತಿ."

*

ಊಟ ಮುಗಿಸಿ ಒಳಗೆ ಬಂದವರ ಮುಂದೆ ಅವಳು ಆ ಹಳೆಯ ಕ್ಯಾಲೆಂಡರನ್ನು ಬೋರ್ಡಿಗೆ ತೂಗುಹಾಕಿ ನಿಂತಿದ್ದಳು. ನಿನ್ನೆ ತಾನು ಹಾಕಿದ ಎರಡನೆಯ ಕಟ್ಟಳೆ ತಪ್ಪು, ಅದನ್ನು ತೆಗೆದುಹಾಕಿದ್ದೇನೆ ಎಂದಳು. ಕಂಪ್ಯೂಟರಿಗೆ ನಕ್ಷತ್ರ ತಿಳಿಯದಿದ್ದರೂ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಎಂದರೆ ತಿಳಿಯುತ್ತದೆ. ತಿಂಗಳು ಬಿಟ್ಟು, ಮಳೆಯಿಂದ ಮಳೆಗೆ ಕತ್ತರಿಸಿ ನೋಡೋಣ. ತಾರೀಖು ಯಾರು ಓದುತ್ತೀರಿ ಎಂದು ಕೇಳಿದಳು.

ತಿಮ್ಮಣ್ಣ ಕುರ್ಚಿ ಸರಿಸಿ ಎದ್ದ. ಕ್ಯಾಲೆಂಡರಿನ ಮುಂದೆ ನಿಂತು, ಪುರಾಣ ಓದುವವನಂತೆ ಕೊರಳು ಸರಿಮಾಡಿಕೊಂಡು, ರೋಹಿಣಿಯಿಂದ ಸ್ವಾತಿಯವರೆಗೆ ಒಂದೊಂದರ ಆರಂಭ ಅಂತ್ಯ ಓದಿ ಹೇಳಿದ. ಉಳಿದವರು ಟೈಪು ಮಾಡಿಕೊಂಡರು. ಯಾರಿಗೂ ಖುಷ್ಬುವಿನ ಕೈ ಬೇಕಾಗಲಿಲ್ಲ. ತಮ್ಮೂರ ಮಳೆಯ ಹೆಸರು ಎದುರಿಗಿದ್ದಾಗ ಬೆರಳುಗಳು ತಾವೇ ಕೀಲಿ ಹುಡುಕಿಕೊಂಡವು.

ಯಮನೂರಪ್ಪನ ಪರದೆಯ ಮೇಲೆ ಮೊದಲು ಬಂತು. ರೋಹಿಣಿಗೆ ಒಂದು ಕಂಬ, ಮೃಗಶಿರಕ್ಕೆ ಒಂದು, ಆಶ್ಲೇಷಕ್ಕೆ ತಲೆ ಮುಟ್ಟುವಂಥದು. ಮಘಾ ಖಾಲಿ. ಹುಬ್ಬಾ ಖಾಲಿ. ಆಮೇಲೆ ಉತ್ತರಾ ಮತ್ತೆ ಎತ್ತರ. ಬಾಯಿಯೊಳಗೆ ಎರಡು ಹಲ್ಲು ಬಿದ್ದ ಜಾಗದಂತೆ ಆ ಎರಡು ಮನೆಗಳು ತೆರವಾಗಿದ್ದವು. ಅವನು ಅದನ್ನು ಬಹಳ ಹೊತ್ತು ನೋಡಿದ.

"ಇದ ನೋಡ್ರಿ" ಎಂದ ಅವನು, ಮೊದಲ ಸಲ ಎಲ್ಲರಿಗೂ ಕೇಳುವಂತೆ. "ನಮ್ಮ ವರ್ಷ ಇದು."

ಅಲ್ಲಿಂದ ಮುಂದಿನ ಕೆಲಸಕ್ಕೆ ಲಲಿತಾ ಯಾರನ್ನೂ ಕರೆಯಬೇಕಾಗಲಿಲ್ಲ, ತಡೆಯಬೇಕಾಯಿತು. ಎರೆ ಭೂಮಿಯ ಪಂಚಾಯ್ತಿಯವರು, ತಮ್ಮಲ್ಲಿ ಮಘಿ ತಪ್ಪಿದರೂ ನಡೆದೀತು, ಹಿಂಗಾರಿಗೆ ಹಸ್ತಿ, ಚಿತ್ತಿ ಮಳೆ ಬಂದು ಬಿಳಿಜೋಳ, ಕಡಲೆ ಎದ್ದರೆ ಸಾಕು ಎಂದರು. ಹಾಗಾದರೆ ಕೆಂಪು ಮಣ್ಣಿಗೆ ಮಘಿ, ಹುಬ್ಬಿಯ ತೂಕ ಹೆಚ್ಚು. ಕಪ್ಪು ಮಣ್ಣಿಗೆ ಹಸ್ತಿ, ಚಿತ್ತಿಯದು ಹೆಚ್ಚು ಎಂದು ಜೋಹರಾಬಿ ಸೂಚಿಸಿದಳು. ಕೊಳವೆಬಾವಿಯ ಆಳಕ್ಕೂ ಒಂದು ಪಾಲು ಇರಲಿ ಎಂದು ಇನ್ನೊಬ್ಬರು. ಲಲಿತಾ ಒಂದೇ ಒಂದಕ್ಕೆ ಬಿಗಿಯಾಗಿ ನಿಂತಳು: ಊರಿನ ಹೆಸರುಗಳನ್ನು ಮುಚ್ಚಿಟ್ಟು ಮೊದಲು ನಿಯಮ ಮಾಡಬೇಕು, ನಿಯಮಕ್ಕೆ ಎಲ್ಲರೂ ಒಪ್ಪಿದ ಮೇಲೆಯೇ ಹೆಸರು ತೆರೆಯಬೇಕು. ವಾದ, ಕೂಗಾಟ, ಒಂದಿಷ್ಟು ಗೇಲಿ, ಎಲ್ಲ ಆಗಿ ಕಡೆಯ ಬಸ್ಸಿನ ಹೊತ್ತಿಗೆ ನಿಯಮ ನಿಂತಿತು. ತಿಮ್ಮಣ್ಣನೂ ಕೈಯೆತ್ತಿ ಒಪ್ಪಿದ.

ಶನಿವಾರ ಬೆಳಿಗ್ಗೆ ಹೆಸರುಗಳನ್ನು ತೆರೆದರು. ನಕಾಶೆಯ ಬಣ್ಣ ಬದಲಾಗಿತ್ತು. ಬೂದಿಗಲ್ಲು ಎಲ್ಲಕ್ಕಿಂತ ಕಡುಗೆಂಪು, ಮೊದಲ ಸ್ಥಾನ. ಅದರ ಬೆನ್ನಿಗೆ ಇನ್ನೊಂದು ಊರು. ಮಸಾರಿಹಾಳ ಮೂರನೆಯದು, ಹಳದಿ.

ಮೂರನೆಯದೆಂದರೆ ಏನು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಈ ವರ್ಷ ಬರುವ ಹಣ ಮೊದಲ ಎರಡು ಊರುಗಳ ಕೆಲಸಕ್ಕೆ ಸಾಕಾದರೆ ಹೆಚ್ಚು. ಮಸಾರಿಹಾಳದ್ದು ಮುಂದಿನ ವರ್ಷ.

ತಿಮ್ಮಣ್ಣನ ಮುಖ ಬಿಗಿಯಿತು. ಅವನ ಪಂಚಾಯ್ತಿಯ ಸಾಲಿನಲ್ಲಿ ಹುಬ್ಬಾ ಮಳೆಯ ಮನೆ ಪೂರ್ತಿ ಖಾಲಿ ಇರಲಿಲ್ಲ. ಒಂದು ಸಣ್ಣ ಕಂಬ ಇತ್ತು. ಒಂದು ಮಧ್ಯಾಹ್ನ ಬಂದು ಹೋದ ಮಳೆ.

"ಅದು ಊರಾಗ ಬಿದ್ದ ಮಳಿ ಅಲ್ರಿ. ಮಳಿಮಾಪಕದ ಮ್ಯಾಲ ಬಿದ್ದ ಮಳಿ. ಆಚಿ ಓಣಿಯವರ ಅಂಗಳ ಸೈತ ತೊಯ್ದಿಲ್ಲ."

ಎಲ್ಲರೂ ನಕ್ಕರು. ಅವನು ನಗಲಿಲ್ಲ. ಚಹಾದ ಹೊತ್ತಿಗೆ ಲಲಿತಾಳನ್ನು ಬೇವಿನ ಗಿಡದ ಆಚೆಗೆ ಕರೆದ. ದನಿ ತಗ್ಗಿಸಿ ಮಾತಾಡಿದ.

"ಲಲಿತವ್ವ, ನಿನ್ನ ತವರೂರು ಅದು. ನಿಮ್ಮವ್ವನ ಹೊಲದಾಗ ನಾನ ನಿಂತು ಹಾನಿ ಬರಕೊಂಡು ಬಂದೀನಿ. ಆ ಒಂದು ಸಣ್ಣ ಕಂಬ ತೆಗದ್ರ ಯಾರಿಗೆ ಗೊತ್ತಾಗತೈತಿ? ನೀ ತೆಗೀಲಿಲ್ಲಂದ್ರ ನಾ ಮಸಾರಿಹಾಳದ್ದು ಕಳಿಸಂಗಿಲ್ಲ ನೋಡವ್ವ. ಇದು ಕಡಿ ಮಾತು."

ಅವನು ಕಳಿಸದಿದ್ದರೆ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಒಂದು ಪಂಚಾಯ್ತಿ ಉಳಿದರೆ ಸಂಜೆಯ ಹೊತ್ತಿಗೆ ಇಡೀ ಯಲಬುರ್ಗಾ ಕೊಪ್ಪಳದ ಕೋಣೆಗೆ ಹೋಗುತ್ತದೆ. ಲಲಿತಾ ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ತಾಯಿಯ ಹೊಲ ಅವಳ ಕಣ್ಣಿಗೆ ಬಂತು. ಬುಡಸಹಿತ ಕಿತ್ತ ಬಳ್ಳಿ, ಬೇರಿಗೆ ಅಂಟಿದ ಒಣಮಣ್ಣು, ಕಾಯಿ ಇರಬೇಕಾದಲ್ಲಿ ಬರೀ ನಾರು. ಆ ಕಂಬವನ್ನು ತೆಗೆಯುವುದು ಅವಳಿಗೆ ಕೆನ್ನೆಯ ಮೇಲಿನ ಹಿಟ್ಟು ಒರೆಸಿದಷ್ಟು ಸುಲಭ.

"ಕಾಕಾ" ಎಂದಳು. ಬಹಳ ವರ್ಷಗಳ ಮೇಲೆ ಹಾಗೆ ಕರೆದಿದ್ದಳು. "ನಾ ತೆಗಿಯಂಗಿಲ್ಲ. ಆದ್ರ ಮೌಸು ನಿಮ್ಮ ಕೈಯಾಗ ಐತಿ. ನಿಯಮ ತಪ್ಪು ಅನಸಿದ್ರ ಒಳಗ ಬಂದು ಎಲ್ಲಾರ ಮುಂದ ತಿದ್ದ್ರಿ. ಒಂದ ಷರತ್ತು. ತಿದ್ದೋದು ಎಲ್ಲಾ ಊರಿಗೂ ಒಂದ ಸಮ ಇರಬೇಕು."

ತಿಮ್ಮಣ್ಣ ಅವಳನ್ನು ದುರುಗುಟ್ಟಿ ನೋಡಿದ. ಆಮೇಲೆ ಒಳಗೆ ಹೋಗಿ, ಅಂಗಿಯ ತೋಳು ಮಡಚಿಕೊಂಡು, ಕಂಪ್ಯೂಟರಿನ ಮುಂದೆ ಕೂತ.

ಸಣ್ಣ ಮಳೆಗಳನ್ನು ಲೆಕ್ಕಕ್ಕೆ ಹಿಡಿಯಬೇಡಿ ಎಂದು ಮೊದಲು ನಿಯಮ ತಿದ್ದಿದ. ಅವನ ಕಂಬ ಬಿತ್ತು. ಅದರ ಜೊತೆಗೆ ಪಕ್ಕದ ಇನ್ನೊಂದು ಊರಿನವೂ ಬಿದ್ದು, ಅದು ಅವನನ್ನು ದಾಟಿ ಮೇಲೆ ಹೋಯಿತು. ಮಸಾರಿಹಾಳ ನಾಲ್ಕಕ್ಕೆ ಇಳಿಯಿತು. ಹಾಗಾದರೆ ದನಗಳ ಸಂಖ್ಯೆ ಸೇರಿಸಿರಿ, ಮೇವಿನ ತ್ರಾಸು ನಮಗೇ ಹೆಚ್ಚು ಎಂದ. ಎಮ್ಮೆಗಳಿಂದ ಸ್ವಲ್ಪ ಮೇಲೆ ಬಂದ. ಬೂದಿಗಲ್ಲಿನವರ ಕುರಿ ಹಿಂಡುಗಳು ಅವನನ್ನು ಮತ್ತೆ ಹಿಂದಕ್ಕೆ ತಳ್ಳಿದವು. ಕೊಳವೆಬಾವಿಗೆ ತೂಕ ಹೆಚ್ಚಿಸಿದ. ಮಸಾರಿಹಾಳದಲ್ಲಿ ಇನ್ನೂ ನೀರು ಕೊಡುವ ಬಾವಿಗಳು ಹಲವು ಇದ್ದವು. ಊರು ಸರಸರನೆ ಕೆಳಗಿಳಿದು ಎರೆ ಭೂಮಿಯವರ ಪಕ್ಕ ಹೋಗಿ ಕೂತಿತು.

"ತಿಮ್ಮಣ್ಣಾರ, ಇನ್ನೊಂದು ಸಲ ತಿದ್ದಿದ್ರ ಗಂಗಾವತಿ ಕಾಲುವಿಗೆ ಹೋಗಿ ಮುಟ್ಟತೀರಿ" ಎಂದಳು ಜೋಹರಾಬಿ.

ಅವನು ಕೇಳಿಸಿಕೊಳ್ಳಲಿಲ್ಲ. ಊಟಕ್ಕೂ ಏಳಲಿಲ್ಲ. ಮೌಸು ಈಗ ಅವನ ಕೈಯಲ್ಲಿ ಬೆದರದೆ ಓಡುತ್ತಿತ್ತು. ತೂಕ ಏರಿಸುವುದು, ಇಳಿಸುವುದು, ಹಿಂದಿನ ನಿಯಮಕ್ಕೆ ಮರಳುವುದು, ಎರಡು ನಕಾಶೆಗಳನ್ನು ಪಕ್ಕಪಕ್ಕ ಇಟ್ಟು ನೋಡುವುದು, ಲಲಿತಾ ಇನ್ನೂ ಕಲಿಸದೆ ಉಳಿದಿದ್ದನ್ನೂ ಅವನು ಖುಷ್ಬುವನ್ನು ಕೇಳಿ ಕೇಳಿ ತಿಳಿದುಕೊಂಡ. ಒಂದೊಂದು ಸಲ ತಿದ್ದಿದಾಗಲೂ ಪಟ್ಟಿಯ ನಡುವಿನ ಊರುಗಳು ಮೇಲೆ ಕೆಳಗೆ ಆದವು. ಬೂದಿಗಲ್ಲು ಮಾತ್ರ ಹೇಗೆ ತಿರುವಿದರೂ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಮಳೆ ನೋಡಿದರೂ ಅದೇ, ಬಾವಿ ನೋಡಿದರೂ ಅದೇ, ದನಕರು ನೋಡಿದರೂ ಅದೇ.

ಸಂಜೆಯಾಗುತ್ತ ಬಂತು. ಉಳಿದ ಎಲ್ಲರೂ ತಮ್ಮ ತಮ್ಮದನ್ನು ಕಳಿಸಿ ಮುಗಿಸಿದ್ದರು, ಆದರೂ ಯಾರೂ ಮನೆಗೆ ಹೋಗಲಿಲ್ಲ. ರವಿಕುಮಾರ ಸಾಹೇಬರು ಬಾಗಿಲ ಹತ್ತಿರ ನಿಂತು ಗಡಿಯಾರ ನೋಡುತ್ತಿದ್ದರು. ಹುಲಿಗವ್ವ ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಬಂದು, ಸೊಸೆಯ ಪಕ್ಕ ನಿಂತು, ಈ ಮುದುಕ ಯಾಕೆ ಹೀಗೆ ಕೂತಿದ್ದಾನೆ ಎಂದು ಪಿಸುಗುಟ್ಟಿದಳು. ಲಲಿತಾ ಸುಮ್ಮನಿರಲು ಹೇಳಿದಳು. ಅವಳಿಗೆ ಹೋಗಿ ಒಂದು ಮಾತು ಹೇಳಬೇಕೆನಿಸಿತ್ತು, ಕೈ ಮುಗಿಯಬೇಕೆನಿಸಿತ್ತು, ತಡೆದುಕೊಂಡಳು. ಈಗ ಒಂದು ಮಾತು ಆಡಿದರೆ ಯೋಜನೆ ತನ್ನದಾಗುತ್ತದೆ, ಅವನದಾಗಿ ಉಳಿಯುವುದಿಲ್ಲ.

ತಿಮ್ಮಣ್ಣ ನಿಯಮವನ್ನು ನಿನ್ನೆ ಎಲ್ಲರೂ ಒಪ್ಪಿದ ಜಾಗಕ್ಕೆ ಮರಳಿ ತಂದ. ಮಸಾರಿಹಾಳ ಮತ್ತೆ ಮೂರನೆಯದಾಯಿತು. ಕುರ್ಚಿಯನ್ನು ತಿರುಗಿಸಿ ಮೂಲೆಯ ಕಡೆ ನೋಡಿದ.

"ಯಮನೂರಪ್ಪ, ನಿಮ್ಮೂರಾಗ ಕುಡಿಯಾಕರ ಐತೇನೋ?"

"ಟ್ಯಾಂಕರ್ ಬರತೈತ್ರಿ" ಎಂದ ಯಮನೂರಪ್ಪ.

"ಮತ್ತ ಇಷ್ಟು ದಿನ ಬಾಯಿ ಯಾಕ ಮುಚಗೊಂಡು ಕುಂತಿದ್ದಿ?"

ಯಮನೂರಪ್ಪ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದ. ತಿಮ್ಮಣ್ಣ ಮತ್ತೆ ಪರದೆಯ ಕಡೆ ತಿರುಗಿ, ಕನ್ನಡಕ ಏರಿಸಿ, ಎರಡು ಸಲ ಬೇಗ ಬೇಗ ಒತ್ತಿದ. ಮಸಾರಿಹಾಳದ ಯೋಜನೆ ಹೋಯಿತು. ತಾಲೂಕಿನ ಲೆಕ್ಕ ಪೂರ್ತಿಯಾಯಿತೆಂದು ಪರದೆ ತೋರಿಸಿತು. ರವಿಕುಮಾರ ಸಾಹೇಬರು ಉಸಿರು ಬಿಟ್ಟದ್ದು ಎಲ್ಲರಿಗೂ ಕೇಳಿಸಿತು. ಜಿಲ್ಲಾ ಸಭೆಯಲ್ಲಿ ಈ ಊರು ಮೊದಲು ಯಾಕೆ ಎಂದು ಕೇಳಿದರೆ ಯಾರು ಹೇಳುತ್ತೀರಿ ಎಂದು ಅವರು ವಿಚಾರಿಸಿದರು.

"ನಾ ಹೇಳ್ತೀನ್ರಿ" ಎಂದ ತಿಮ್ಮಣ್ಣ. "ಅದನ್ನ ಕೆಡವಾಕ ಇವತ್ತೆಲ್ಲ ಗುದ್ದಾಡೀನಿ. ನನಗಿಂತ ಯಾರಿಗೆ ಗೊತ್ತೈತಿ."

ಲಲಿತಾಳ ಕಡೆ ಅವನು ನೋಡಲಿಲ್ಲ. ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಟೇ ಹೋದ.

ಬಸ್ ನಿಲ್ದಾಣದಲ್ಲಿ ಕೊಪ್ಪಳದ ಬಸ್ಸು ಇನ್ನೂ ಬಂದಿರಲಿಲ್ಲ. ಕೂಸು ಅಜ್ಜಿಯ ಹೆಗಲ ಮೇಲೆ ನಿದ್ದೆ ಹೋಗಿತ್ತು. ಲಲಿತಾ ಪಕ್ಕಕ್ಕೆ ಸರಿದು ತಾಯಿಗೆ ಫೋನು ಮಾಡಿದಳು. ಬೇರೆಯವರ ಬಾಯಿಂದ ಕೇಳುವುದಕ್ಕಿಂತ ತನ್ನ ಬಾಯಿಂದಲೇ ಕೇಳಲಿ ಎಂದು, ಊರ ಹೆಸರು ಮೂರನೆಯದು, ಈ ವರ್ಷ ಕೆಲಸ ಬರುವುದು ಸಂಶಯ ಎಂದು ನೇರವಾಗಿ ಹೇಳಿಬಿಟ್ಟಳು.

ಯಂಕವ್ವ ಅಂಗಳದ ಕೋಳಿಗಳನ್ನು ಓಡಿಸುವುದು ಫೋನಿನಲ್ಲಿ ಕೇಳಿಸಿತು.

"ತಿಮ್ಮಣ್ಣ ಈಗ ಫೋನ್ ಮಾಡಿ ಹೇಳಿದ" ಎಂದಳು ಆಮೇಲೆ. "ನಿಮ್ಮ ಮಗಳು ಜಗ್ಗಲಿಲ್ಲ ಅಂದ. ಬೈದನೋ ಹೊಗಳಿದನೋ ತಿಳೀಲಿಲ್ಲ."

"ನಿನಗ ಸಿಟ್ಟು ಬಂದೈತೇನವ್ವ?"

"ಬಂದೈತಿ. ಬರಬಾರದೇನು?" ಎಂದಳು ಯಂಕವ್ವ. ಆಮೇಲೆ, ಕೂಸಿಗೆ ಹಲ್ಲು ಪೂರ್ತಿ ಬಂದವೇ ಎಂದು ಕೇಳಿದಳು. ಒಂದು ಬಂದಿದೆ, ಇನ್ನೊಂದು ಬರುತ್ತಿದೆ ಎಂದು ಲಲಿತಾ ಹೇಳಿದಳು. ನಾಳೆ ಐತವಾರ, ಅತ್ತೆಯನ್ನೂ ಗಂಡ ದುರಗೇಶನನ್ನೂ ಕರೆದುಕೊಂಡು ಊರಿಗೆ ಬರುತ್ತೇನೆ, ಹೊಲದ ಇಳಿಜಾರಿಗೆ ಅಡ್ಡಲಾಗಿ ಎಲ್ಲಿ ಬದು ಹಾಕಿದರೆ ನೀರು ನಿಲ್ಲುತ್ತದೆಂದು ಗುರುತು ಹಾಕೋಣ, ಒಂದು ಬದುವಿಗೆ ಸರ್ಕಾರವನ್ನು ಕಾಯುವುದು ಬೇಡ, ಅತ್ತೆ ಕೂಸನ್ನು ನೋಡಿಕೊಂಡರೆ ನಾವು ಮೂರು ಜನ ಸೇರಿದರೆ ಆಗುತ್ತದೆ ಎಂದಳು.

ಸಲಿಕೆಗೆ ಹಿಡಿಕೆ ಇಲ್ಲ, ಬರುವಾಗ ಯಲಬುರ್ಗಾದಲ್ಲಿ ಒಂದು ತಗೊಂಡು ಬಾ ಎಂದು ಹೇಳಿ ಯಂಕವ್ವ ಫೋನು ಇಟ್ಟಳು. ಬಸ್ಸು ಇನ್ನೂ ಬಂದಿರಲಿಲ್ಲ. ಲಲಿತಾ ಚೀಲವನ್ನು ಅತ್ತೆಯ ಪಕ್ಕದಲ್ಲಿಟ್ಟು, ಬಾಗಿಲು ಹಾಕುವ ಮೊದಲು ಕಬ್ಬಿಣದ ಸಾಮಾನಿನ ಅಂಗಡಿ ಮುಟ್ಟಲು ರಸ್ತೆ ದಾಟಿದಳು.